ಹದ ಮತ್ತು ಅಳತೆ: ಕತ್ತಲೆ ಕೋಣೆಗೆ ಉಷ್ಣಮಾಪಕ ಬಂದ ಬಗೆ

ಛಾಯಾಚಿತ್ರ ಕಲೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಕ್ಯಾಮೆರಾದ ಚರಿತ್ರೆಯನ್ನೇ ಬರೆದಿದ್ದಾರೆ. ಮಸೂರ, ಮುಚ್ಚುಗೆ, ಫಿಲ್ಮು ಇವುಗಳ ಬಗೆಗೆ ದಪ್ಪ ದಪ್ಪ ಗ್ರಂಥಗಳಿವೆ. ಕಪ್ಪು-ಬಿಳುಪಿನ ಯುಗದಲ್ಲಿ ಚಿತ್ರವು ಕಣ್ಣಿಗೆ ಕಾಣುವಂತೆ ಮೂಡುತ್ತಿದ್ದುದು ಮಾತ್ರ ಕ್ಯಾಮೆರಾದಿಂದ ಬಹುದೂರದಲ್ಲಿ, ಕೆಂಪು ದೀಪದ ಮಂಕು ಬೆಳಕಿನಲ್ಲಿ, ಡೆವಲಪರ್ ಎಂಬ ದ್ರಾವಣ ತುಂಬಿದ ಒಂದು ತಟ್ಟೆಯಲ್ಲಿ. ಆ ತಟ್ಟೆಯ ನೀರು ಎಷ್ಟು ಬಿಸಿಯಾಗಿತ್ತು, ಕಾಗದವು ಅದರಲ್ಲಿ ಎಷ್ಟು ಹೊತ್ತು ಮುಳುಗಿತ್ತು ಎಂಬ ಎರಡು ಸಂಗತಿಗಳು ಚಿತ್ರದ ಹಣೆಬರಹವನ್ನು ನಿರ್ಧರಿಸುತ್ತಿದ್ದವು. ಈ ಎರಡನ್ನೂ ಮನುಷ್ಯನು ಕಣ್ಣಂದಾಜಿನಿಂದ ಬಿಡಿಸಿ ಅಳತೆಗೆ ಒಳಪಡಿಸಿದ್ದು ಹೇಗೆ ಎಂಬುದು ಸ್ವಾರಸ್ಯದ ಕಥೆ. ಅದರ ಒಂದೆರಡು ಎಳೆಗಳು ನಮ್ಮ ಹೊಸೂರು ಸೀಮೆಗೂ, ನಮ್ಮ ಶಾಲೆಯ ಗೋಡೆಗಳಿಗೂ ತಾಗುತ್ತವೆ.

ವಿಚಿತ್ರವೆಂದರೆ ಉಷ್ಣಮಾಪಕವು ಈ ವಿದ್ಯೆಯ ಹುಟ್ಟಿನಲ್ಲಿಯೇ ಇತ್ತು. 1839ರಲ್ಲಿ ಫ್ರಾನ್ಸಿನ ದಗೇರ್ ತನ್ನ ವಿಧಾನವನ್ನು ಲೋಕಕ್ಕೆ ಬಿಚ್ಚಿಟ್ಟಾಗ, ಬೆಳ್ಳಿಯ ಲೇಪನವುಳ್ಳ ತಗಡಿನ ಮೇಲೆ ಅಡಗಿದ್ದ ಚಿತ್ರವನ್ನು ಪಾದರಸದ ಆವಿಯಿಂದ ಮೇಲೆಬ್ಬಿಸಬೇಕೆಂದು ಹೇಳಿದ. ಪಾದರಸವನ್ನು ಕಾಯಿಸುವ ಪೆಟ್ಟಿಗೆಯ ಹೊರಮೈಗೆ ಒಂದು ಉಷ್ಣಮಾಪಕವನ್ನು ಜೋಡಿಸಿದ್ದ. ಅದು 60 ಡಿಗ್ರಿ ತೋರಿಸಿದೊಡನೆ ಕೆಳಗಿನ ದೀಪವನ್ನು ತೆಗೆಯಬೇಕೆಂಬುದು ಅವನ ಸೂಚನೆ. ಪಾದರಸದ ಆವಿಯ ವಿಷದ ಬಗೆಗೆ ಆಗಿನ ಜನ ಅಷ್ಟಾಗಿ ತಲೆ ಕೆಡಿಸಿಕೊಂಡಂತಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1840ರ ಸೆಪ್ಟೆಂಬರಿನಲ್ಲಿ ಬೇರೊಂದು ಮಾರ್ಗ ಹಿಡಿದ. ಬೆಳಕು ಕಂಡೂ ಬರಿದಾಗಿಯೇ ತೋರುವ ಕಾಗದಕ್ಕೆ ಗ್ಯಾಲಿಕ್ ಆಮ್ಲವಿರುವ ದ್ರಾವಣವನ್ನು ಸವರಿದರೆ ಚಿತ್ರವು ತಾನಾಗಿ ಎದ್ದು ಬರುವುದನ್ನು ಆತ ಕಂಡ. ಕಾಗದವನ್ನು ಬೆಂಕಿಯ ಮುಂದೆ ಹದವಾಗಿ ಬೆಚ್ಚಗೆ ಮಾಡಿದರೆ ಆ ಕೆಲಸ ಬೇಗ ಮುಗಿಯುತ್ತದೆಂದೂ ಬರೆದಿಟ್ಟ. ಕಾಗದದ ಮೇಲೆ ಬೆಳೆದ ಛಾಯಾಚಿತ್ರದ ಮಟ್ಟಿಗೆ ಉಷ್ಣತೆಯ ನಿಯಂತ್ರಣದ ಆರಂಭವನ್ನು ಇಲ್ಲಿಂದಲೇ ಎಣಿಸಬಹುದು.

ಅಲ್ಲಿಂದ ಮುಂದೆ ಅರ್ಧ ಶತಮಾನ ಕಾಲ ಉಷ್ಣಮಾಪಕವನ್ನು ಜನ ಮರೆತೇಬಿಟ್ಟರೆನ್ನಬೇಕು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಫಲಕದ ವಿಧಾನದಲ್ಲಿ ಗಾಜು ಒಣಗುವ ಮುನ್ನವೇ ಚಿತ್ರ ತೆಗೆದು, ಅಲ್ಲಿಯೇ ಗುಡಾರದೊಳಗೆ ಡೆವಲಪರನ್ನು ಅದರ ಮೇಲೆ ಹೊಯ್ಯಬೇಕಾಗಿತ್ತು. ಕೆಲವು ಕ್ಷಣಗಳಲ್ಲಿ ಮುಗಿಯುವ ಆಟ ಅದು. ಸೆಖೆ ಹೆಚ್ಚಾದರೆ ಡೆವಲಪರ್ ನುಗ್ಗಿ ಬಂದು ಫಲಕವನ್ನೆಲ್ಲ ಮಸುಕು ಮಾಡುತ್ತಿತ್ತು. ಆಗ ಅನುಭವಿಗಳು ಅಸೆಟಿಕ್ ಆಮ್ಲವನ್ನು ಇನ್ನಷ್ಟು ಬೆರೆಸಿ ಅದರ ಓಟವನ್ನು ತಡೆಯುತ್ತಿದ್ದರು. ಎಷ್ಟು ಬೆರೆಸಬೇಕು? ಅದಕ್ಕೆ ಲೆಕ್ಕವಿರಲಿಲ್ಲ, ಕೈಯ ಹದವಿತ್ತು. ನಮ್ಮ ಮನೆಗಳಲ್ಲಿ ಬೆಲ್ಲದ ಪಾಕಕ್ಕೆ ಎಳೆ ಬಂತೇ ಎಂದು ಬೆರಳ ತುದಿಯಲ್ಲಿ ನೋಡುವ ಅಜ್ಜಿಯರ ಹದವೂ ಇದೇ ಜಾತಿಯದು. ಅವರ ಪಾಕ ಕೆಡುವುದು ಅಪರೂಪ. ಆದರೆ ಅದನ್ನು ಇನ್ನೊಬ್ಬರಿಗೆ ಕಾಗದದಲ್ಲಿ ಬರೆದುಕೊಡಲು ಆಗುವುದಿಲ್ಲ.

ಈ ಕಾಲದಲ್ಲಿಯೇ ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದು. ಮದ್ರಾಸು ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳಿಗೆ ಹೋಗಿ ಹೊಯ್ಸಳ ಶಿಲ್ಪವನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಅನಂತರ ಮದ್ರಾಸು ಸರ್ಕಾರದ ಅಧಿಕೃತ ಛಾಯಾಗ್ರಾಹಕನಾಗಿ ನೇಮಕಗೊಂಡು ದಕ್ಷಿಣದ ಕೋಟೆ ದೇಗುಲಗಳನ್ನು ಸುತ್ತಿದ. 1858ರಲ್ಲಿ ಪ್ರಕಟವಾದ ಅವನ ಸಂಪುಟಗಳಲ್ಲಿ ಒಂದು ಸೇಲಂ ಜಿಲ್ಲೆಯ ರಾಯಕೋಟೆ ಮತ್ತು ಸುತ್ತಲಿನ ಸ್ಥಳಗಳಿಗೆ ಮೀಸಲಾದದ್ದು. ಹೊಸೂರಿನಿಂದ ಒಂದು ಗಳಿಗೆಯ ಬಸ್ ಪ್ರಯಾಣದಷ್ಟು ದೂರದಲ್ಲಿರುವ, ನಮ್ಮ ಮಕ್ಕಳು ಪ್ರವಾಸಕ್ಕೆ ಹತ್ತುವ ಅದೇ ರಾಯಕೋಟೆಯ ಬೆಟ್ಟ. ಆ ಚಿತ್ರಗಳ ಪ್ರತಿಗಳು ಇಂದು ವಿದೇಶದ ಸಂಗ್ರಹಾಲಯಗಳಲ್ಲಿ ಜೋಪಾನವಾಗಿವೆ. ನಮ್ಮ ತಾಲ್ಲೂಕಿನವರಲ್ಲಿ ಅವನ್ನು ನೋಡಿದವರು ಬೆರಳೆಣಿಕೆಯಷ್ಟೂ ಇರಲಾರರು.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ನಿನಲ್ಲಿ ಬೆಳ್ಳಿಯ ಲವಣವನ್ನು ಬೆರೆಸಿ ಒಣ ಫಲಕ ಮಾಡುವ ದಾರಿ ತೋರಿಸಿದ. ಜೆಲಟಿನ್ ಎಂಬುದು ಮೂಳೆ ಚರ್ಮಗಳಿಂದ ತೆಗೆದ ಅಂಟು. ತಣ್ಣೀರಿನಲ್ಲಿ ಉಬ್ಬುವ, ಬಿಸಿನೀರಿನಲ್ಲಿ ಕರಗುವ ವಸ್ತು. ಫಲಕವನ್ನು ಕಾರ್ಖಾನೆಯಲ್ಲಿ ಮಾಡಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಸೌಕರ್ಯ ಬಂತು. ಜೊತೆಗೆ ಶಾಖದ ಹೊಸ ಭಯವೂ ಬಂತು. ಡೆವಲಪರಿನ ರಾಸಾಯನಿಕಗಳೂ ಬದಲಾದವು. 1880ರಲ್ಲಿ ಏಬ್ನಿ ಎಂಬ ಆಂಗ್ಲ ವಿಜ್ಞಾನಿ ಹೈಡ್ರೋಕ್ವಿನೋನನ್ನು ಬಳಕೆಗೆ ತಂದರೆ, 1891ರಲ್ಲಿ ಜರ್ಮನಿಯಿಂದ ಮೆಟಾಲ್ ಬಂತು. ಈ ಎರಡರ ಜೋಡಿಯೇ ಮುಂದೆ ಜಗತ್ತಿನ ಬಹುಪಾಲು ಸ್ಟುಡಿಯೋಗಳ ತಟ್ಟೆಗಳನ್ನು ಆಳಿತು.

ಈ ನಡುವೆ 1890ರ ಮೇ ತಿಂಗಳಲ್ಲಿ ಒಂದು ಲೇಖನ ಪ್ರಕಟವಾಯಿತು. ಅದು ಅಚ್ಚಾದದ್ದು ಛಾಯಾಗ್ರಾಹಕರ ಪತ್ರಿಕೆಯಲ್ಲಲ್ಲ, ರಾಸಾಯನಿಕ ಉದ್ಯಮದ ಸಂಘವೊಂದರ ನಿಯತಕಾಲಿಕದಲ್ಲಿ. ಬರೆದವರು ಇಂಗ್ಲೆಂಡಿನ ವಿಡ್ನೆಸ್ ಎಂಬ ಹೊಗೆ ತುಂಬಿದ ಕಾರ್ಖಾನೆಯ ಊರಿನಲ್ಲಿ ನೌಕರಿಯಲ್ಲಿದ್ದ ಇಬ್ಬರು ಗೆಳೆಯರು: ಸ್ವಿಟ್ಜರ್‌ಲೆಂಡಿನಿಂದ ಬಂದ ರಸಾಯನಶಾಸ್ತ್ರಜ್ಞ ಫರ್ಡಿನಾಂಡ್ ಹರ್ಟರ್ ಮತ್ತು ಎಂಜಿನಿಯರ್ ವೆರೋ ಚಾರ್ಲ್ಸ್ ಡ್ರಿಫೀಲ್ಡ್. ಡ್ರಿಫೀಲ್ಡನಿಗೆ ಚಿತ್ರ ತೆಗೆಯುವ ಹುಚ್ಚು. ಅವನೇ ಹರ್ಟರನನ್ನು ಇದಕ್ಕೆ ಎಳೆದ. ನಿಖರತೆಗೆ ಒಗ್ಗಿದ ಹರ್ಟರನಿಗೆ ಈ ವಿದ್ಯೆಯಲ್ಲಿನ ಅಂದಾಜಿನ ಕಾರುಬಾರು ಸಹಿಸಲಾಗಲಿಲ್ಲ. ರಜೆಯ ವೇಳೆಯಲ್ಲಿ ವರ್ಷಗಟ್ಟಲೆ ದುಡಿದು ಫಲಕಗಳಿಗೆ ಗೊತ್ತಾದ ಪ್ರಮಾಣದ ಬೆಳಕನ್ನು ಕೊಟ್ಟು, ಗೊತ್ತಾದ ಉಷ್ಣತೆಯಲ್ಲಿ ಗೊತ್ತಾದ ಹೊತ್ತು ಡೆವಲಪ್ ಮಾಡಿ, ಮೂಡಿದ ಕಪ್ಪಿನ ಸಾಂದ್ರತೆಯನ್ನು ಅಳೆದರು. ಬೆಳಕಿಗೂ ಕಪ್ಪಿಗೂ ಇರುವ ಸಂಬಂಧವನ್ನು ಒಂದು ವಕ್ರರೇಖೆಯಾಗಿ ಬರೆದು ತೋರಿಸಿದರು. ಛಾಯಾವಿಜ್ಞಾನದ ಪಠ್ಯಗಳಲ್ಲೆಲ್ಲ ಇಂದಿಗೂ ಆ ರೇಖೆ ಅವರಿಬ್ಬರ ಹೆಸರಿನಲ್ಲಿಯೇ ಇದೆ.

ಅವರ ನಿರ್ಣಯವು ಕಲಾವಿದರಿಗೆ ಕಹಿಯಾಗಿತ್ತು. ಡೆವಲಪರ್ ಮಾಡುವ ಕೆಲಸವನ್ನು ಕಾಲ ಮತ್ತು ಉಷ್ಣತೆ ಗೊತ್ತುಮಾಡುತ್ತವೆ. ಹೊತ್ತು ಹೆಚ್ಚಿದಂತೆ ನೆಗೆಟಿವಿನ ಒಟ್ಟು ವೈದೃಶ್ಯ ಹೆಚ್ಚುತ್ತದೆ. ಆದರೆ ಚಿತ್ರದ ಬೇರೆ ಬೇರೆ ಭಾಗಗಳ ಕಪ್ಪುಗಳ ಪರಸ್ಪರ ಸಂಬಂಧವನ್ನು ಕತ್ತಲೆ ಕೋಣೆಯಲ್ಲಿ ನಿಂತವನು ತನ್ನ ಇಚ್ಛೆಯಂತೆ ತಿರುಚಲಾರ ಎಂದರು ಅವರು. ಅಂದಿನವರೆಗೆ ಛಾಯಾಗ್ರಾಹಕನ ಹೆಮ್ಮೆಯೆಲ್ಲ ಅದರಲ್ಲಿಯೇ ಇತ್ತು. ಇಲ್ಲಿ ಸ್ವಲ್ಪ ತಡೆದು ಅಲ್ಲಿ ಸ್ವಲ್ಪ ಬಿಟ್ಟು, ಪ್ರಕೃತಿಯನ್ನು ತಾನು ಕಂಡಂತೆ ಮೂಡಿಸುತ್ತೇನೆಂಬ ಹೆಮ್ಮೆ ಅದು.

ಆ ಹೆಮ್ಮೆಯ ದೊಡ್ಡ ವಕ್ತಾರ ಪೀಟರ್ ಹೆನ್ರಿ ಎಮರ್ಸನ್. 1889ರಲ್ಲಿ ಛಾಯಾಚಿತ್ರವೂ ಒಂದು ಸ್ವತಂತ್ರ ಕಲೆಯೆಂದು ಸಾರುವ ಗ್ರಂಥವನ್ನು ಬರೆದು ಇಂಗ್ಲೆಂಡಿನಲ್ಲಿ ಬಿರುಗಾಳಿ ಎಬ್ಬಿಸಿದ್ದ ವೈದ್ಯ ಈತ. ಎದುರಾಳಿಗಳನ್ನು ಮೊನಚು ಮಾತಿನಿಂದ ಇರಿಯುವುದರಲ್ಲಿ ನಿಸ್ಸೀಮ. ಹರ್ಟರ್ ಮತ್ತು ಡ್ರಿಫೀಲ್ಡರ ಲೇಖನ ಬಂದ ಕೆಲವೇ ತಿಂಗಳುಗಳಲ್ಲಿ ಈ ಎಮರ್ಸನ್ ಕಪ್ಪು ಅಂಚಿನ ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದ. ಮರಣವಾರ್ತೆಗೆ ಬಳಸುವ ಕಪ್ಪು ಅಂಚು. ಸತ್ತದ್ದು ಅವನದೇ ಸಿದ್ಧಾಂತ! ಡೆವಲಪ್ ಮಾಡುವಾಗ ಛಾಯೆಗಳ ಮೇಲೆ ಕಲಾವಿದನಿಗೆ ಹಿಡಿತವಿಲ್ಲವೆಂದಾದ ಮೇಲೆ ಇದನ್ನು ಕಲೆಯೆನ್ನುವುದು ಹೇಗೆ ಎಂಬುದು ಅವನ ವಾದ. ಒಂದು ಗ್ರಾಫ್ ಕಾಗದದ ಮೇಲಿನ ಗೆರೆ ಒಬ್ಬ ಮನುಷ್ಯನ ಕಲಾಶ್ರದ್ಧೆಯನ್ನು ಕುಸಿಯುವಂತೆ ಮಾಡಿದ ಇಂಥ ಉದಾಹರಣೆ ಚರಿತ್ರೆಯಲ್ಲಿ ವಿರಳ. ಎಮರ್ಸನ್ ದುಡುಕಿದನೆಂದೇ ನನ್ನ ಅಭಿಪ್ರಾಯ. ವೀಣೆಯ ಮೆಟ್ಟಿಲುಗಳು ಸ್ಥಿರವಾಗಿವೆಯೆಂದು ಯಾವ ವೈಣಿಕನೂ ಸಂಗೀತವನ್ನು ಬಿಡಲಿಲ್ಲ. ಆದರೂ ಮೂರು ಜನರ ಮುಂದೆ ತಾನು ತಪ್ಪಿದೆನೆಂದು ಒಪ್ಪಿಕೊಳ್ಳಲು ಹಿಂಜರಿಯುವ ವಿದ್ವಾಂಸರ ಲೋಕದಲ್ಲಿ ಊರಿಗೆಲ್ಲ ಅಚ್ಚು ಹಾಕಿಸಿ ಹಂಚಿದವನ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಗ್ರಾಫನ್ನು ಓದಲಾರದ ಸಾಮಾನ್ಯ ಛಾಯಾಗ್ರಾಹಕನಿಗೆ ಇದನ್ನು ತಲುಪಿಸಿದವನು ಹೆರೆಫರ್ಡ್ ಊರಿನ ಆಲ್ಫ್ರೆಡ್ ವಾಟ್ಕಿನ್ಸ್. ಮನೆತನದ ವ್ಯಾಪಾರಕ್ಕಾಗಿ ಹಳ್ಳಿಹಳ್ಳಿ ತಿರುಗುತ್ತಿದ್ದ ಈತ ಬೆಳಕನ್ನಳೆಯುವ ಕೈಯಳತೆಯ ಸಾಧನಗಳನ್ನು ಮಾಡಿ ಮಾರಿದವನು. 1890ರ ದಶಕದಲ್ಲಿ ಅವನು ಹೇಳಿಕೊಟ್ಟ ಉಪಾಯ ಬಹು ಸರಳ. ಫಲಕವನ್ನು ಡೆವಲಪರಿನಲ್ಲಿ ಮುಳುಗಿಸಿದಂದಿನಿಂದ ಚಿತ್ರದ ಮೊದಲ ಸುಳಿವು ಕಾಣುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿರಿ. ಆ ಸಂಖ್ಯೆಯನ್ನು ಆ ಡೆವಲಪರಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸಿರಿ. ಬಂದ ಉತ್ತರವೇ ಒಟ್ಟು ಕಾಲ. ಹೈಡ್ರೋಕ್ವಿನೋನಿಗೆ ಗುಣಕ ಸುಮಾರು 5, ಮೆಟಾಲಿಗೆ ಸುಮಾರು 30. ನೀರು ತಣ್ಣಗಿದ್ದರೆ ಸುಳಿವು ತಡವಾಗಿ ಕಾಣುತ್ತದೆ, ಒಟ್ಟು ಕಾಲವೂ ತಾನಾಗಿ ದೀರ್ಘವಾಗುತ್ತದೆ. ಬಿಸಿಯಿದ್ದರೆ ತದ್ವಿರುದ್ಧ. ಹೀಗೆ ಉಷ್ಣಮಾಪಕವಿಲ್ಲದೆಯೇ ಉಷ್ಣತೆಗೆ ಲೆಕ್ಕ ಸಿಕ್ಕಂತಾಯಿತು. ಹದವನ್ನು ಅಳತೆಯೊಳಗೆ ಕೂರಿಸಿದ ಜಾಣ್ಮೆ ಇದು. ಮುಂದೆ ಅವನು ಡಿಗ್ರಿಗಳ ಬದಲಿಗೆ ನೇರವಾಗಿ ಕಾಲವನ್ನೇ ತೋರಿಸುವ ಉಷ್ಣಮಾಪಕವನ್ನೂ ತಂದ. ಇದೇ ವಾಟ್ಕಿನ್ಸ್ ಮುಪ್ಪಿನಲ್ಲಿ ಪ್ರಾಚೀನ ಸ್ಥಳಗಳೆಲ್ಲ ಸರಳರೇಖೆಗಳ ಮೇಲೆ ನಿಂತಿವೆಯೆಂಬ ಸಿದ್ಧಾಂತವೊಂದನ್ನು ಕಟ್ಟಿ 1925ರಲ್ಲಿ ಪುಸ್ತಕ ಬರೆದ. ಪುರಾತತ್ವಜ್ಞರು ಅದನ್ನು ಒಪ್ಪಲಿಲ್ಲ. ಎಲ್ಲೆಲ್ಲೂ ಲೆಕ್ಕವನ್ನು ಕಾಣುವವರಿಗೆ ಲೆಕ್ಕವಿಲ್ಲದ ಕಡೆಯೂ ಅದು ಕಾಣುತ್ತದೆಯೋ ಏನೋ.

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ನೆಗೆಟಿವಿನ ಮಾತು. ಕಾಗದದ ಮೇಲಿನ ಮುದ್ರಣದ ಧರ್ಮವೇ ಸ್ವಲ್ಪ ಬೇರೆ. ಲಿಯೋ ಬೇಕ್‌ಲೆಂಡ್ 1893ರಲ್ಲಿ ವೆಲಾಕ್ಸ್ ಎಂಬ ಮುದ್ರಣ ಕಾಗದವನ್ನು ಮಾರುಕಟ್ಟೆಗೆ ತಂದು, 1899ರಲ್ಲಿ ಅದರ ಹಕ್ಕನ್ನು ಈಸ್ಟ್‌ಮನ್ ಕಂಪನಿಗೆ ಮಾರಿದ. ಗ್ಯಾಸ್ ದೀಪದ ಬೆಳಕಿನಲ್ಲಿಯೇ ಮುದ್ರಿಸಬಹುದಾಗಿದ್ದ ಆ ಕಾಗದವೂ, ಇನ್ನೂ ಚುರುಕಾದ ಬ್ರೋಮೈಡ್ ಕಾಗದವೂ ಸೇರಿ ಬಿಸಿಲಿನಲ್ಲಿ ಚಿತ್ರ ಮುದ್ರಿಸುವ ಹಳೆಯ ಕ್ರಮವನ್ನು ಹಿಂದಕ್ಕೆ ತಳ್ಳಿದವು. ಈ ಕಾಗದಗಳಲ್ಲಿ ಚಿತ್ರವು ಮೊದಲ ಅರ್ಧ ನಿಮಿಷದಲ್ಲಿಯೇ ಗಡಿಬಿಡಿಯಿಂದ ಎದ್ದು ಬರುತ್ತದೆ, ಅನಂತರ ನಿಧಾನವಾಗಿ ತನ್ನ ಪೂರ್ಣ ಕಪ್ಪನ್ನು ತಲುಪುತ್ತದೆ. ಆ ಕಪ್ಪು ತಲುಪಿದ ಮೇಲೆ ಇನ್ನಷ್ಟು ಹೊತ್ತು ಬಿಟ್ಟರೂ ವೈದೃಶ್ಯ ಅಷ್ಟಾಗಿ ಬೆಳೆಯುವುದಿಲ್ಲ. ತಲುಪುವ ಮುನ್ನವೇ ಎತ್ತಿದರೆ ಮಾತ್ರ ಚಿತ್ರ ಕೆಟ್ಟಿತೆಂದೇ ಲೆಕ್ಕ. ಕಪ್ಪು ಇದ್ದಲ್ಲಿ ಬೂದಿ ಬಣ್ಣ, ಅಲ್ಲಲ್ಲಿ ಮಚ್ಚೆ, ಮುಖಗಳಲ್ಲಿ ಜೀವವಿಲ್ಲದ ಮಂಕು. ಆದುದರಿಂದ ಒಳ್ಳೆಯ ಮುದ್ರಕರ ನಿಯಮವೆಂದರೆ ಡೆವಲಪರಿನ ಕಾಲವನ್ನೂ ಉಷ್ಣತೆಯನ್ನೂ ಬದಲಿಸದೆ ಇಡುವುದು. ಚಿತ್ರ ಕಪ್ಪಾದರೆ ಮುಂದಿನ ಕಾಗದಕ್ಕೆ ಬೆಳಕನ್ನು ಕಡಿಮೆ ಕೊಡುವುದು, ತೆಳುವಾದರೆ ಹೆಚ್ಚು ಕೊಡುವುದು.

ಬಹುಕಾಲ ಪ್ರಮಾಣ ಉಷ್ಣತೆಯೆಂದು ಪುಸ್ತಕಗಳು ಹೇಳುತ್ತಿದ್ದುದು 65 ಡಿಗ್ರಿ ಫ್ಯಾರನ್‌ಹೀಟ್. ಮುಂದೆ ಅದು 68ಕ್ಕೆ, ಎಂದರೆ 20 ಡಿಗ್ರಿ ಸೆಲ್ಸಿಯಸ್‌ಗೆ ನಿಂತಿತು. ಜಗತ್ತಿನಲ್ಲೆಲ್ಲ ಬಳಕೆಯಾದ ಕೊಡಾಕ್ ಕಂಪನಿಯ ಡಿ-72 ಎಂಬ ಸೂತ್ರವನ್ನೇ ನೋಡಿ: ಒಂದು ಲೀಟರ್ ದ್ರಾವಣಕ್ಕೆ ಮೆಟಾಲ್ ಸುಮಾರು 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೋನೇಟ್ 67.5 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ ಸುಮಾರು 2 ಗ್ರಾಂ. ಇದರ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ 20 ಡಿಗ್ರಿಯಲ್ಲಿ ಒಂದರಿಂದ ಎರಡು ನಿಮಿಷ. ಇಲ್ಲಿ ಮೆಟಾಲ್ ಕೆಲಸವನ್ನು ಶುರುಮಾಡುತ್ತದೆ. ಹೈಡ್ರೋಕ್ವಿನೋನ್ ದಣಿದ ಮೆಟಾಲಿಗೆ ಮತ್ತೆ ಬಲ ತುಂಬುತ್ತ ಗಾಢವಾದ ಕಪ್ಪನ್ನು ಕಟ್ಟುತ್ತದೆ. ಜೋಡೆತ್ತಿನ ದುಡಿಮೆ. ಆದರೆ ಈ ಎರಡು ಎತ್ತುಗಳಿಗೂ ಚಳಿ ಒಂದೇ ಬಗೆಯಾಗಿ ತಾಗುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಹೈಡ್ರೋಕ್ವಿನೋನಿನ ವೇಗ ಇಮ್ಮಡಿಗೂ ಮೀರುತ್ತದೆ, ಮೆಟಾಲಿನ ವೇಗ ಅಷ್ಟು ಏರುವುದಿಲ್ಲ. ಇಳಿಯುವಾಗಲೂ ಹಾಗೆಯೇ. ದ್ರಾವಣ 13 ಡಿಗ್ರಿಯ ಕೆಳಗೆ ಹೋದರೆ ಹೈಡ್ರೋಕ್ವಿನೋನ್ ನೊಗ ಕಳಚಿ ಮಲಗಿಬಿಡುತ್ತದೆ. ಮೆಟಾಲ್ ಒಂದೇ ಎಳೆಯಬೇಕು. ಚಿತ್ರ ಮೂಡುತ್ತದೆ, ಕಪ್ಪು ಮಾತ್ರ ಬರುವುದಿಲ್ಲ. ಹೊತ್ತು ಹೆಚ್ಚಿಸಿದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ.

ಬಿಸಿಯ ಕಷ್ಟ ಬೇರೆ ಬಗೆಯದು. 24 ಡಿಗ್ರಿ ದಾಟಿದಂತೆ ಡೆವಲಪರ್ ಕೈಗೆ ಸಿಗದೆ ಓಡುತ್ತದೆ, ಬಿಳಿಯ ಭಾಗಗಳಿಗೂ ಮಸುಕು ಹತ್ತುತ್ತದೆ, ದ್ರಾವಣ ಬೇಗನೆ ಕಂದಿ ಸತ್ವ ಕಳೆದುಕೊಳ್ಳುತ್ತದೆ. ಇನ್ನೂ ಬಿಸಿಯಾದರೆ ಜೆಲಟಿನ್ ಉಬ್ಬಿ ಮೆತ್ತಗಾಗಿ ಗಾಜಿನ ಅಂಚಿನಿಂದ ಏಳಲು ತೊಡಗುತ್ತದೆ. ಉಷ್ಣದೇಶಗಳಿಗೆಂದೇ ಸೋಡಿಯಂ ಸಲ್ಫೇಟ್ ಬೆರೆಸಿ ಉಬ್ಬನ್ನು ತಡೆಯುವ ಸೂತ್ರಗಳು ಬಂದವು. ಕ್ರೋಮ್ ಆಲಂನಿಂದ ಜೆಲಟಿನ್ನನ್ನು ಗಟ್ಟಿಮಾಡುವ ಕ್ರಮವೂ ಬಂತು. ಪೇಟೆಯ ಸ್ಟುಡಿಯೋಗಳು ಇವನ್ನೆಲ್ಲ ಕೊಳ್ಳುವ ಬದಲು ತಟ್ಟೆಯನ್ನು ಇನ್ನೊಂದು ದೊಡ್ಡ ತಟ್ಟೆಯ ತಣ್ಣೀರಿನಲ್ಲಿ ಇಟ್ಟು, ಅದಕ್ಕೆ ಸೋಡಾ ಅಂಗಡಿಯ ಮಂಜುಗಡ್ಡೆಯ ತುಂಡು ಹಾಕಿ ಕೆಲಸ ಸಾಗಿಸುತ್ತಿದ್ದವು. ಬೇಸಗೆಯಲ್ಲಿ ಮುದ್ರಣವೆಲ್ಲ ರಾತ್ರಿಯ ಎರಡನೆಯ ಜಾವದ ಮೇಲೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಆಸುಪಾಸಿನಲ್ಲಿರುವ ಹೊಸೂರಿನವರು ಈ ಮಟ್ಟಿಗೆ ಪುಣ್ಯವಂತರು. ಕೃಷ್ಣಗಿರಿಯ ಇಳಿಜಾರು ಇಳಿದರೆ ಕಥೆಯೇ ಬೇರೆ. ಉದಕಮಂಡಲದವರಿಗೆ ಚಳಿಗಾಲದಲ್ಲಿ ತಟ್ಟೆಯ ಕೆಳಗೆ ಕೆಂಡವೋ ವಿದ್ಯುದ್ದೀಪವೋ ಬೇಕಾಗುತ್ತಿತ್ತು.

ಉದಕಮಂಡಲದ ಮಾತು ಬಂದುದರಿಂದ ಹೇಳುತ್ತೇನೆ. ಭಾರತ ಸರ್ಕಾರವು 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಉದ್ಯಮವನ್ನು ಸ್ಥಾಪಿಸಿದಾಗ ಆರಿಸಿದ್ದು ನೀಲಗಿರಿಯನ್ನೇ. ಧೂಳಿಲ್ಲದ ಗಾಳಿ, ತಂಪು ಹವೆ ಈ ಕೆಲಸಕ್ಕೆ ಹೇಳಿಮಾಡಿಸಿದವು. ಫ್ರಾನ್ಸಿನ ಸಂಸ್ಥೆಯೊಂದರ ಸಹಯೋಗದಲ್ಲಿ 1967ರಲ್ಲಿ ಉತ್ಪಾದನೆ ಶುರುವಾಯಿತು. ಅವರು ತಮ್ಮ ಫಿಲ್ಮು ಮತ್ತು ಕಾಗದಗಳಿಗೆ ಇಟ್ಟ ಹೆಸರು ‘ಇಂದು’. ಚಂದ್ರನೆಂಬ ಅರ್ಥದಲ್ಲಿ ಇಟ್ಟದ್ದಾದರೂ ಕನ್ನಡದ ಕಿವಿಗೆ ಈ ದಿನ ಎಂಬ ಅರ್ಥವೂ ಕೇಳಿಸುತ್ತದೆ. ಛಾಯಾಚಿತ್ರದ ಕಾಗದಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಕನ್ನಡಿಗರೇ ಕುಳಿತು ಹುಡುಕಿದ್ದರೂ ಸಿಗುತ್ತಿರಲಿಲ್ಲ. ಆಮದು ವಸ್ತುಗಳಿಗೆ ಬಿಗಿಯಿದ್ದ ವರ್ಷಗಳಲ್ಲಿ ದೇಶದ ಅಸಂಖ್ಯ ಸ್ಟುಡಿಯೋಗಳ ತಟ್ಟೆಗಳಲ್ಲಿ ತೇಲಿದ್ದು ಈ ‘ಇಂದು’ ಕಾಗದವೇ. ಈಗ ಆ ಕಾರ್ಖಾನೆಯ ಉತ್ಪಾದನೆ ನಿಂತುಹೋಗಿದೆ.

ಈ ಚರಿತ್ರೆಯನ್ನು ತಿಳಿದು ನಮ್ಮ ಶಾಲೆಯ ಗೋಡೆಯ ಮೇಲಿನ ಗುಂಪುಚಿತ್ರಗಳನ್ನು ನೋಡಿದರೆ ಅವು ಬೇರೆಯಾಗಿಯೇ ಕಾಣುತ್ತವೆ. ಊರು ಮದ್ರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿದ್ದ ದಿನಗಳಿಂದ, 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿದ ಕಾಲದವರೆಗೆ, ಜಿಲ್ಲೆಯ ಹೆಸರು ಬದಲಾದರೂ ಕನ್ನಡ ಕಲಿಯಲು ಮಕ್ಕಳು ಬರುತ್ತಲೇ ಇದ್ದರೆಂಬುದಕ್ಕೆ ಆ ಚಿತ್ರಗಳಂತಹ ಸಾಕ್ಷಿ ನಮ್ಮಲ್ಲಿ ಇನ್ನೊಂದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಮುಖವಿರುವುದಿಲ್ಲ. ಹಲವು ಚಿತ್ರಗಳು ಇಂದು ಮಂಕಾಗಿವೆ. ಹಳತಾದುದರಿಂದ ಹೀಗಾಯಿತೆಂದು ಎಲ್ಲರೂ ಹೇಳುತ್ತಾರೆ. ಎಲ್ಲ ಚಿತ್ರಗಳ ಮಟ್ಟಿಗೆ ಈ ಮಾತು ನಿಜವಲ್ಲ.

ಬಿಳಿಯ ಅಂಗಿಗಳೂ ಆಕಾಶವೂ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ, ಕಪ್ಪು ಇನ್ನೂ ಕಪ್ಪಾಗಿಯೇ ಉಳಿದಿದ್ದರೆ ಅದು ಬಹುಶಃ ಹೈಪೊ ದ್ರಾವಣದಲ್ಲಿ ಸಾಕಷ್ಟು ಇಡದೆ ಹೋದದ್ದರ ಅಥವಾ ಸರಿಯಾಗಿ ತೊಳೆಯದ್ದರ ಫಲ. ಆ ರೋಗ ವರ್ಷಗಳ ಮೇಲೆ ಕಾಣಿಸಿಕೊಂಡದ್ದು. ಬಿಳಿಯ ಭಾಗಗಳು ಬಿಳಿಯಾಗಿಯೇ ಇದ್ದು, ಕಪ್ಪು ಕೋಟು, ಕಪ್ಪು ಕೂದಲು ಎಲ್ಲವೂ ಒಂದೇ ಸಮನೆ ಬೂದಿಯಾಗಿದ್ದರೆ ಆ ಚಿತ್ರ ಹುಟ್ಟಿದ ದಿನವೇ ಹಾಗಿತ್ತೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಗುಂಪುಚಿತ್ರವನ್ನು ವರ್ಷಾಂತ್ಯದ ಪರೀಕ್ಷೆಗೆ ಮುನ್ನ ತೆಗೆಯುವ ವಾಡಿಕೆ. ಒಬ್ಬ ಮುದ್ರಕ, ನಲವತ್ತೈವತ್ತು ಪ್ರತಿಗಳು, ಒಂದೇ ತಟ್ಟೆ. ಪ್ರತಿ ಕಾಗದವೂ ದ್ರಾವಣದ ಸತ್ವವನ್ನು ಸ್ವಲ್ಪ ಸ್ವಲ್ಪ ಕುಡಿಯುತ್ತದೆ, ರಾತ್ರಿ ಬೆಳೆದಂತೆ ತಟ್ಟೆಯೂ ತಣ್ಣಗಾಗುತ್ತದೆ. ಕೆಂಪು ದೀಪ ಇನ್ನೊಂದು ಮೋಸ ಮಾಡುತ್ತದೆ: ಅದರ ಬೆಳಕಿನಲ್ಲಿ ಚಿತ್ರವು ಇರುವುದಕ್ಕಿಂತ ಹೆಚ್ಚು ಕಪ್ಪಾಗಿ ಕಾಣುತ್ತದೆ. ಕಣ್ಣನ್ನು ನಂಬಿದವನು ಅವಸರದಿಂದ ಎತ್ತಿಬಿಡುತ್ತಾನೆ. ಗಡಿಯಾರವನ್ನು ನಂಬಿದವನು ಕಾಯುತ್ತಾನೆ. ಅಮೆರಿಕದ ಆನ್ಸೆಲ್ ಆಡಮ್ಸ್ ತನ್ನ ಮುದ್ರಣದ ಪುಸ್ತಕದಲ್ಲಿ ವಾಟ್ಕಿನ್ಸನ ಗುಣಕವನ್ನೇ ಕಾಗದಕ್ಕೂ ಅನ್ವಯಿಸಿ ಇದಕ್ಕೆ ಪರಿಹಾರ ಹೇಳಿದ್ದಾನೆ. ಸಂಜೆ ಹೊಸ ದ್ರಾವಣದಲ್ಲಿ 20 ಸೆಕೆಂಡಿಗೆ ಸುಳಿವು ಕಂಡು 2 ನಿಮಿಷಕ್ಕೆ ಒಳ್ಳೆಯ ಚಿತ್ರ ಬಂದರೆ ಗುಣಕ 6. ನಡುರಾತ್ರಿ ಸುಳಿವು 30 ಸೆಕೆಂಡಿಗೆ ಕಂಡರೆ 3 ನಿಮಿಷ ಕಾಯಬೇಕು. ಐವತ್ತನೆಯ ಪ್ರತಿಯೂ ಮೊದಲನೆಯದರ ತಮ್ಮನಂತೆ ಬರುತ್ತದೆ.

ಬೂದಿಯಾದ ಪ್ರತಿಯನ್ನು ಗಣಕಯಂತ್ರಕ್ಕೆ ಹಾಕಿ ಕಪ್ಪು ಏರಿಸುವುದು ಈಗಿನ ರೂಢಿ. ಈ ಸಂಚಿಕೆಗಾಗಿಯೂ ಕೆಲವನ್ನು ಹಾಗೆ ಮಾಡಬೇಕಾಯಿತು. ಕಾಗದದಲ್ಲಿ ಎಂದೂ ಮೂಡದೆ ಹೋದ ವಿವರವನ್ನು ಯಂತ್ರವೂ ಕೊಡಲಾರದು. ಅದು ಇರುವುದು ನೆಗೆಟಿವಿನಲ್ಲಿ. ಗುಂಪುಚಿತ್ರಗಳನ್ನು ದೊಡ್ಡ ಗಾಜಿನ ಫಲಕಗಳಲ್ಲಿ ತೆಗೆದು ಅದೇ ಅಳತೆಯ ಕಾಗದಕ್ಕೆ ಒತ್ತಿ ಮುದ್ರಿಸುತ್ತಿದ್ದ ಕಾಲದ ಫಲಕಗಳು ಯಾವುದಾದರೂ ಮುಚ್ಚಿದ ಸ್ಟುಡಿಯೋದ ಅಟ್ಟದಲ್ಲಿಯೋ, ಹಳೆಯ ವಿದ್ಯಾರ್ಥಿಗಳ ಮನೆಯ ಪೆಟ್ಟಿಗೆಯಲ್ಲಿಯೋ ಇರಬಹುದು. ಜೆಲಟಿನ್ ಗಟ್ಟಿಯಾಗಿ ಉಳಿದಿದ್ದರೆ, ಕೆಟ್ಟು ಹೋದ ಪ್ರತಿಯ ಬದಲಿಗೆ ಮೊದಲ ದಿನವೇ ಬರಬೇಕಾಗಿದ್ದ ಚಿತ್ರವನ್ನು ಇಂದೂ ಮುದ್ರಿಸಬಹುದು. ಕಪ್ಪು-ಬಿಳುಪಿನ ಕಾಗದ ಈಗಲೂ ತಯಾರಾಗುತ್ತಿದೆ, ಡಿ-72ರ ಸಾಮಗ್ರಿಯೂ ದೊರೆಯುತ್ತದೆ.

ಅಂಥ ಫಲಕ ಕಂಡವರು ಒರೆಸಲು ಹೋಗಬೇಡಿರಿ. ಒದ್ದೆ ಬಟ್ಟೆಯನ್ನಂತೂ ತಾಗಿಸಲೇಬೇಡಿರಿ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮೈ ಮಂಕಾಗಿರುತ್ತದೆ. ಮಂಕಾದ ಮೈಯಲ್ಲಿಯೇ ಚಿತ್ರವಿರುವುದು. ಅದಕ್ಕೆ ಬೆರಳು ತಾಗದಂತೆ ಅಂಚುಗಳನ್ನು ಮಾತ್ರ ಹಿಡಿಯಿರಿ. ಒಂದರ ಮೇಲೊಂದು ಪೇರಿಸದೆ, ಪ್ರತಿಯೊಂದನ್ನೂ ಶುಭ್ರವಾದ ಬಿಳಿ ಕಾಗದದಲ್ಲಿ ಸುತ್ತಿ, ಪುಸ್ತಕಗಳಂತೆ ನಿಲ್ಲಿಸಿ ಪೆಟ್ಟಿಗೆಯಲ್ಲಿ ಇಟ್ಟು ಶಾಲೆಯ ಕಚೇರಿಗೆ ತಲುಪಿಸಿರಿ. ಯಾವ ವರ್ಷದ್ದೆಂದು ನೆನಪಿದ್ದರೆ ಸುತ್ತಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದರೆ ಸಾಕು.